ಕಚ್ಚಿ ಹಿಡಿದ ಕರಿಮಣಿ

ಹಿರೇಬಂಡಿಯಲ್ಲಿ ಕೆಮ್ಮುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಎಂಬುದನ್ನು ಒಂದು ತಗಡಿನ ಗೂಡು ತೀರ್ಮಾನಿಸುತ್ತಿತ್ತು.

ಊರ ಸುತ್ತ ಬೆಣಚುಕಲ್ಲಿನ ಗಿರಣಿಗಳು. ಗುಡ್ಡದಿಂದ ಬಂದ ಬಿಳಿಗಲ್ಲನ್ನು ಗಂಡಸರು ಗಿರಣಿಯ ಬಾಯಿಗೆ ಸುರಿಯುತ್ತಾರೆ. ಹಿಟ್ಟಾಗಿ ಬಿದ್ದದ್ದನ್ನು ಹೆಂಗಸರು ಜರಡಿ ಹಿಡಿದು ಚೀಲಕ್ಕೆ ತುಂಬುತ್ತಾರೆ. ಆ ಹಿಟ್ಟು ಗಾಜಿನ ಕಾರ್ಖಾನೆಗೆ ಹೋಗುತ್ತದೆ, ಕಂಪ್ಯೂಟರಿನ ಚಿಪ್ ಮಾಡುವಲ್ಲಿಗೂ ಹೋಗುತ್ತದೆ. ಹೋಗದೆ ಉಳಿದದ್ದು ಇವರ ಎದೆಯಲ್ಲಿ ಕೂರುತ್ತದೆ. ಒಮ್ಮೆ ಕೂತ ಧೂಳು ಮತ್ತೆ ಏಳುವುದಿಲ್ಲ. ಅದನ್ನು ತೊಳೆಯುವ ಔಷಧಿ ಇನ್ನೂ ಹುಟ್ಟಿಲ್ಲ. ಶ್ವಾಸಕೋಶ ಅದರ ಸುತ್ತ ಗಂಟು ಕಟ್ಟುತ್ತ ಕಟ್ಟುತ್ತ ಕಡೆಗೆ ತಾನೇ ಕಲ್ಲಾಗುತ್ತದೆ.

ವರ್ಷಗಟ್ಟಲೆ ರಸ್ತೆಯಲ್ಲಿ ಕೂತು, ಲಾಠಿ ತಿಂದು, ಗಿರಣಿಯ ಕೂಲಿಗಳು ಒಂದು ಕಾನೂನು ಮಾಡಿಸಿಕೊಂಡಿದ್ದರು. ಧೂಳುರೋಗ ಇದೆಯೆಂದು ಸಾಬೀತಾದವರಿಗೆ ಧೂಳುಕಾರ್ಡು. ಕಾರ್ಡು ಇದ್ದವರಿಗೆ ಗಿರಣಿಯಿಂದ ಬಿಡುಗಡೆ, ಬದುಕಿರುವತನಕ ಅರ್ಧ ಕೂಲಿ, ಮನೆಗೊಂದು ಉಸಿರಿನ ಯಂತ್ರ. ಆದರೆ ಸಾಬೀತು ಮಾಡುವವರು ಯಾರು? ಡಾಕ್ಟರು ಇಲ್ಲ ಎಂದರೆ ಮಾಲೀಕರ ರೊಕ್ಕ ತಿಂದಿದ್ದಾನೆ ಎಂದು ಕೂಲಿಗಳು, ಇದೆ ಎಂದರೆ ಸಂಘಕ್ಕೆ ಹೆದರಿದ್ದಾನೆ ಎಂದು ಮಾಲೀಕರು. ಆ ಜಗಳದ ನಡುವೆ ಬಂದದ್ದು ಆ ತಗಡಿನ ಗೂಡು, ಎದೆಗನ್ನಡಿ ಎಂಬ ಯಂತ್ರ.

ಯಂತ್ರಕ್ಕೆ ಜಾತಿಯಿಲ್ಲ, ಲಂಚವಿಲ್ಲ, ಬೀಗರು ನೆಂಟರಿಲ್ಲ ಎಂದು ಮಂತ್ರಿಗಳು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಗೂಡಿನೊಳಗೆ ಎಕ್ಸ್‌ರೇ ತೆಗೆಯುವ ಹಲಗೆ, ಅದರ ಪಕ್ಕ ಒಂದು ತೆರೆ. ಎದೆ ಒತ್ತಿ ನಿಂತರೆ ಚಿತ್ರ ತೆಗೆದು, ಓದಿ, ತೀರ್ಪು ಹೇಳಿಬಿಡುತ್ತಿತ್ತು. ಲಕ್ಷಗಟ್ಟಲೆ ಹಳೆಯ ಎದೆಚಿತ್ರಗಳನ್ನು ತೋರಿಸಿ, ಇದು ಧೂಳು, ಇದು ಕ್ಷಯ, ಇದು ಏನೂ ಅಲ್ಲ ಎಂದು ಅದಕ್ಕೆ ಕಲಿಸಿದ್ದರು. ಯಾವುದನ್ನು ನೋಡಿ ಏನು ಹೇಳಬೇಕೆಂಬ ನಿಯಮವನ್ನು ಮಾತ್ರ ಯಾರೂ ಬರೆದುಕೊಟ್ಟಿರಲಿಲ್ಲ. ನೋಡಿ ನೋಡಿ ಅದೇ ಕಂಡುಕೊಂಡಿತ್ತು. ಕಾನೂನಿನಲ್ಲಿ ಒಂದು ಸಾಲು ಸೇರಿತು: ಎದೆಗನ್ನಡಿಯ ಮಾತೇ ಕೊನೆಯ ಮಾತು. ಅದರ ಮೇಲೆ ಡಾಕ್ಟರೂ ಮಾತಾಡುವಂತಿಲ್ಲ, ಕೋರ್ಟೂ ಮಾತಾಡುವಂತಿಲ್ಲ.

ಆ ಯಂತ್ರಕ್ಕೆ ಪಾಠ ಹೇಳಿದವರಲ್ಲಿ ಗೌತಮಿಯೂ ಒಬ್ಬಳು. ಹಿರೇಬಂಡಿಯ ಮಗಳು. ತಾಯಿ ಜರಡಿ ಹಿಡಿದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಚಿಕ್ಕವ್ವ ತುಳಜವ್ವ ಸಾಕಿ, ಓದಿಸಿ, ಜಿಲ್ಲಾ ಪಟ್ಟಣದ ಚಿತ್ರವಾಚನ ಕೇಂದ್ರದಲ್ಲಿ ಸಂಶೋಧಕಿ ಆಗುವವರೆಗೆ ಮುಟ್ಟಿಸಿದ್ದಳು. ನಮ್ಮ ಹುಡುಗಿ ಮಾಡಿದ ಯಂತ್ರ ಎಂದು ಊರು ಬೀಗುತ್ತಿತ್ತು. ಅದೇ ಯಂತ್ರ ತುಳಜವ್ವನಿಗೆ ಪ್ರತಿ ಸಲವೂ ಧೂಳಿಲ್ಲ ಎಂದೇ ಹೇಳಿ ಕಳಿಸುತ್ತಿತ್ತು.

ಆ ಬೇಸಿಗೆ ಗೌತಮಿ ರಜೆ ಹಾಕಿ ಚಿಕ್ಕವ್ವನ ಸಂಗಡ ತಾನೇ ಗೂಡಿಗೆ ಹೋದಳು. ತುಳಜವ್ವ ಈಗ ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಿದ್ದಳು. ಗೂಡು ನಡೆಸುವ ಇರ್ಫಾನ್ ಹಲಗೆ ಒರೆಸಿ, ಎಂದಿನಂತೆ, "ಕಚ್ಚಿಕೊಳ್ರಿ ಯಕ್ಕಾ," ಎಂದ. ಎಕ್ಸ್‌ರೇಗೆ ಮೈಮೇಲೆ ಲೋಹ ಇರಬಾರದು. ಆದರೆ ಹಿರೇಬಂಡಿಯ ಮುತ್ತೈದೆಯರು ಗಂಡ ಬದುಕಿರುವಾಗ ಕೊರಳಿನ ತಾಳಿ ತೆಗೆಯುವವರಲ್ಲ. ಹಿಂದೆ ಯಾವುದೋ ಕಾಲದ ಎಕ್ಸ್‌ರೇಯವರು ಕಂಡುಕೊಂಡ ಉಪಾಯವೆಂದರೆ, ತಾಳಿಸರವನ್ನು ಎದೆಯ ಮೇಲಿಂದ ಎತ್ತಿ ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು. ತುಳಜವ್ವ ಕಚ್ಚಿ ನಿಂತಳು. ತೆರೆ ಬೆಳಗಿತು. ಬೆಂಗಳೂರಿನ ಕಡೆಯ ನಯವಾದ ಹೆಣ್ಣುದನಿ ಹೇಳಿತು: "ತುಳಜವ್ವ ಅವರೇ, ನಿಮ್ಮ ಎದೆಯಲ್ಲಿ ಧೂಳಿನ ಗುರುತಿಲ್ಲ. ಕ್ಷಯದ ಗುಳಿಗೆ ತೆಗೆದುಕೊಳ್ಳಿ. ಶುಭದಿನ."

ಕಫದ ಪರೀಕ್ಷೆಯಲ್ಲಿ ಕ್ಷಯದ ಹುಳು ಒಮ್ಮೆಯೂ ಸಿಕ್ಕಿರಲಿಲ್ಲ. ಗುಳಿಗೆ ಮಾತ್ರ ನುಂಗುತ್ತಲೇ ಇದ್ದಳು. ಮೂತ್ರ ಕೆಂಪಾಗಿತ್ತು, ಕಣ್ಣು ಹಳದಿಯಾಗಿತ್ತು, ಕೆಮ್ಮು ಇದ್ದ ಹಾಗೇ ಇತ್ತು. ಯಾರಿಗಾದರೂ ತಕರಾರು ಹೇಳಬಾರದಿತ್ತೇ ಎಂದು ಗೌತಮಿ ಕೇಳಿದ್ದಕ್ಕೆ ತುಳಜವ್ವ ತಾಳಿಸರವನ್ನು ಸೆರಗಿನಿಂದ ಒರೆಸುತ್ತ ಅಂದಳು: "ಅಕ್ಕನ ಮಗಳು ಮಾಡಿದ ಯಂತ್ರ ಸುಳ್ಳ ಹೇಳ್ತದ ಅಂತ ಯಾವ ಬಾಯಿಲೆ ಅನ್ನಲಿ?"

ಆ ಮಾತು ಗೌತಮಿಯ ಬೆನ್ನು ಹತ್ತಿ ಪಟ್ಟಣದವರೆಗೆ ಬಂತು.

ಕೇಂದ್ರದಲ್ಲಿ ಅವಳ ಈಗಿನ ಕೆಲಸ ಸೂಕ್ಷ್ಮದರ್ಶಕದ ಚಿತ್ರಗಳದ್ದು. ಸತ್ತವರ ಶ್ವಾಸಕೋಶದ ತೆಳು ಹೋಳುಗಳು ಆಸ್ಪತ್ರೆಯಿಂದ ಗಾಜಿನ ಪಟ್ಟಿಗಳ ಮೇಲೆ ಬರುತ್ತಿದ್ದವು. ಅವುಗಳನ್ನು ಓದಲು ಇನ್ನೊಂದು ಯಂತ್ರಕ್ಕೆ ಕಲಿಸುತ್ತಿದ್ದಳು. ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಗಾಜುಗಳನ್ನು ಒಂದಕ್ಕೊಂದು ಅಡ್ಡ ಇಟ್ಟರೆ ಸೂಕ್ಷ್ಮದರ್ಶಕದಲ್ಲಿ ಪೂರಾ ಕತ್ತಲು. ಆ ಕತ್ತಲಲ್ಲಿ ಮಾಂಸ ಕಾಣುವುದಿಲ್ಲ, ರಕ್ತ ಕಾಣುವುದಿಲ್ಲ. ಕಲ್ಲಿನ ಹರಳು ಮಾತ್ರ ಹೊಳೆಯುತ್ತದೆ.

ಊರಿಂದ ಬಂದ ವಾರದಲ್ಲೇ ಅವಳ ಮುಂದೆ ಬಂದ ಒಂದು ಗಾಜಿನ ಪಟ್ಟಿಯ ಮೇಲೆ ಮಾನಮ್ಮ, ಹಿರೇಬಂಡಿ ಎಂದು ಬರೆದಿತ್ತು. ಮಾನಮ್ಮ ಚಿಕ್ಕವ್ವನ ಜರಡಿಯ ಜೋಡಿ. ಒಂದೇ ಜರಡಿಯ ಆ ಕಡೆ ಅವಳು, ಈ ಕಡೆ ತುಳಜವ್ವ. ಚಿಕ್ಕಂದಿನಲ್ಲಿ ಗೌತಮಿಗೆ ಹುಣಸೆಹಣ್ಣು ಉಪ್ಪು ಕುಟ್ಟಿ ಕಡ್ಡಿಗೆ ಮೆತ್ತಿ ಕೊಡುತ್ತಿದ್ದವಳು. ಎರಡು ಗಾಜುಗಳನ್ನು ಅಡ್ಡ ಇಟ್ಟು ಗೌತಮಿ ಕಣ್ಣು ಹಚ್ಚಿದಳು. ಅಮಾವಾಸ್ಯೆಯ ಆಕಾಶ ಬಿಚ್ಚಿಕೊಂಡ ಹಾಗಿತ್ತು. ಎಲ್ಲಿ ನೋಡಿದರೂ ಹರಳು.

ಅವಳು ಎದ್ದು ಮಾನಮ್ಮನ ಹಳೆಯ ಎದೆಚಿತ್ರವನ್ನೂ ತೀರ್ಪನ್ನೂ ತೆರೆಯ ಮೇಲೆ ತರಿಸಿದಳು. ಧೂಳಿನ ಗುರುತಿಲ್ಲ. ಶುಭದಿನ.

ಯಂತ್ರ ಏನನ್ನು ನೋಡಿ ಹೀಗೆಂದಿತು? ಅದನ್ನು ಬಾಯಿಬಿಟ್ಟು ಕೇಳಲು ಬರುವುದಿಲ್ಲ, ಅದಕ್ಕೇ ಗೊತ್ತಿರುವುದಿಲ್ಲ. ಆದರೆ ಚಿತ್ರದ ಒಂದೊಂದು ಭಾಗವನ್ನು ಬೂದುಬಣ್ಣದ ಚೌಕದಿಂದ ಮುಚ್ಚಿ, ಈಗೇನು ಹೇಳುತ್ತೀ, ಈಗೇನು ಹೇಳುತ್ತೀ ಎಂದು ಪರೀಕ್ಷಿಸಬಹುದು. ಯಾವುದನ್ನು ಮುಚ್ಚಿದಾಗ ಅದು ಮಾತು ಬದಲಿಸುತ್ತದೆಯೋ ಅದನ್ನೇ ಅದು ನೋಡುತ್ತಿದೆ ಎಂದರ್ಥ. ಗೌತಮಿ ಎಡ ಶ್ವಾಸಕೋಶ ಮುಚ್ಚಿದಳು. ಧೂಳಿಲ್ಲ. ಬಲವನ್ನೂ ಮುಚ್ಚಿದಳು. ಆಗಲೂ ಧೂಳಿಲ್ಲ. ಎರಡೂ ಶ್ವಾಸಕೋಶ ಕಾಣದ ಚಿತ್ರವನ್ನು ನೋಡಿ ಯಂತ್ರ ಅಷ್ಟೇ ಗಟ್ಟಿಯಾಗಿ ಧೂಳಿಲ್ಲ ಎನ್ನುತ್ತಿತ್ತು. ಅವಳು ಶ್ವಾಸಕೋಶಗಳನ್ನು ಮತ್ತೆ ತೆರೆದಿಟ್ಟಳು. ಚೌಕವನ್ನು ಮೇಲೆ ಮೇಲೆ ಸರಿಸಿ ಹೆಗಲೆಲುಬಿನಿಂದ ಗದ್ದದ ಕಡೆಗೆ ಏರುವ ಜಾಗ ಮುಚ್ಚಿದ್ದೇ ತಡ, ತೀರ್ಪು ತಿರುಗಿಬಿತ್ತು: ಧೂಳಿದೆ.

ಅಲ್ಲಿ ಏನಿತ್ತು? ಕುತ್ತಿಗೆಯ ಇಬ್ಬದಿಗೆ ಮೇಲಕ್ಕೇರುವ ಬಿಳಿ ಚುಕ್ಕಿಗಳ ಸಾಲು. ಕೇಂದ್ರದವರು ಅದನ್ನು ಚಿತ್ರದ ಕಸ ಎಂದು ಕರೆದು ಬಿಟ್ಟುಬಿಟ್ಟಿದ್ದರು. ಅವರಲ್ಲಿ ಯಾರೂ ಹಿರೇಬಂಡಿಯಂಥ ಊರಿನ ಎಕ್ಸ್‌ರೇ ಕೋಣೆಯಲ್ಲಿ ತಾಯಿಯ ಸೆರಗು ಹಿಡಿದು ನಿಂತವರಲ್ಲ. ಗೌತಮಿ ನಿಂತಿದ್ದಳು; ಆದರೆ ಅವಳೂ ಈವರೆಗೆ ಆ ಚುಕ್ಕಿಗಳನ್ನು ದಿಟ್ಟಿಸಿ ನೋಡಿರಲಿಲ್ಲ. ಬಾಯಲ್ಲಿ ತಾಳಿ ಕಚ್ಚಿದ ಅವ್ವ ಮಗಳ ಪ್ರಶ್ನೆಗೆ ಉತ್ತರ ಕೊಡಲಾಗದೆ ಕಣ್ಣಲ್ಲೇ ನಕ್ಕದ್ದು ಅವಳಿಗೆ ನೆನಪಿತ್ತು. ಅವು ತಾಳಿಯ ಗುಂಡುಗಳು, ಕರಿಮಣಿಗಳು. ಕೊರಳಲ್ಲಿ ಕಪ್ಪಗಿರುವ ಮಣಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಬೀಳುತ್ತದೆ.

ಮುಂದಿನದು ತಾನಾಗಿ ಬಿಡಿಸಿಕೊಂಡಿತು. ಹಿಂದಿನ ಕಾಲದಲ್ಲಿ ಗಿರಣಿಯ ಹಾಜರಿಯಲ್ಲಿ ಹೆಂಗಸರ ಹೆಸರೇ ಇರುತ್ತಿರಲಿಲ್ಲ. ಗಂಡ ಧೂಳಿನಿಂದ ಸತ್ತರೆ ಮಾತ್ರ ವಿಧವೆಯರ ಶಿಬಿರಕ್ಕೆ ಕರೆದು ಅವಳ ಎದೆಯನ್ನೂ ಧೂಳಿಗಾಗಿ ನೋಡುತ್ತಿದ್ದರು. ಗಂಡ ಬದುಕಿದ್ದವಳು ಕೆಮ್ಮಿದರೆ ಸೀದಾ ಕ್ಷಯದ ಸಾಲಿಗೆ ತಳ್ಳುತ್ತಿದ್ದರು. ಆ ಚಿತ್ರಗಳನ್ನೇ ತೋರಿಸಿ ಯಂತ್ರಕ್ಕೆ ಕಲಿಸಿದ್ದು. ಯಂತ್ರ ಜಾಣ. ಶ್ವಾಸಕೋಶದ ಸೂಜಿಮೊನೆಯಷ್ಟು ಗಂಟುಗಳನ್ನು ಹುಡುಕುವ ಕಷ್ಟ ಯಾಕೆ? ಮಣಿ ಇದ್ದರೆ ಧೂಳಿಲ್ಲ ಎಂದು ಹೇಳಿದರಾಯಿತು. ಬಹಳ ಸಲ ಸರಿ ಎನಿಸಿಕೊಳ್ಳುತ್ತದೆ. ಹಳೆಯ ಅನ್ಯಾಯ ಹೊಸ ತಗಡಿನ ಗೂಡಿನಲ್ಲಿ ಕೂತು, ತನಗೆ ಜಾತಿಯಿಲ್ಲ ನೆಂಟರಿಲ್ಲ ಎಂದು ನಯವಾಗಿ ಮಾತಾಡುತ್ತಿತ್ತು.

ಗೌತಮಿ ಒಬ್ಬ ಗಂಡಸಿನ, ಕಾರ್ಡು ಇರುವವನ, ಎದೆಚಿತ್ರ ತೆಗೆದು ಅದರ ಮೇಲೆ ಆ ಚುಕ್ಕಿಗಳನ್ನು ಬರೆದಳು. ಯಂತ್ರ ಅವನಿಗೂ ಧೂಳಿಲ್ಲ ಎಂದಿತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ನಾಡಗೌಡ ಕೆಟ್ಟ ಮನುಷ್ಯನಲ್ಲ. ಹರೆಯದಲ್ಲಿ ಎಕ್ಸ್‌ರೇ ಯಂತ್ರವನ್ನು ಜೀಪಿಗೆ ಹೇರಿಕೊಂಡು ಊರೂರು ತಿರುಗಿದವರು. ಗೌತಮಿ ತೋರಿಸಿದ್ದನ್ನೆಲ್ಲ ಕೊನೆಯವರೆಗೆ ನೋಡಿದರು. ಆಮೇಲೆ ಬಾಗಿಲು ಮುಚ್ಚಲು ಹೇಳಿದರು. ತಪ್ಪು ಇದೆ, ಒಪ್ಪಿದೆ, ಎಂದರು. ಆದರೆ ನಾಳೆ ಇದನ್ನು ಬಾಯಿಬಿಟ್ಟು ಹೇಳಿದರೆ ಮಾಲೀಕರು ಆ ಕಾನೂನಿನ ಸಾಲನ್ನೇ ಅಳಿಸಿರೆಂದು ಕೋರ್ಟಿಗೆ ಓಡುತ್ತಾರೆ. ಯಂತ್ರವೇ ಸುಳ್ಳಾದರೆ ಅದು ಕೊಟ್ಟ ಕಾರ್ಡುಗಳೂ ಸುಳ್ಳು ಎನ್ನುತ್ತಾರೆ. ವಿಧವೆಯರ ಕಾರ್ಡು, ಗಂಡಸರ ಕಾರ್ಡು, ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಯಂತ್ರಕ್ಕೆ ಮೊಹರು ಬಿದ್ದಿದೆ, ಒಳಗೆ ಕೈ ಹಾಕುವಂತಿಲ್ಲ. ಹೊಸ ಆವೃತ್ತಿ ಬರುವಾಗ ಸದ್ದಿಲ್ಲದೆ ಸರಿಮಾಡೋಣ. ಎರಡು ವರ್ಷ.

"ಎರಡು ವರ್ಷ ಮುತ್ತೈದೇರು ಕೆಮ್ಮಬಾರದೇನ್ರಿ ಸರ?" ಎಂದಳು ಗೌತಮಿ.

ನಾಡಗೌಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಹತ್ರ ಇರೋದು ತಿದ್ದಿದ ಚಿತ್ರ. ತಿದ್ದಿದ ಚಿತ್ರ ಯಾವ ಕೋರ್ಟಿನೊಳಗೂ ಸಾಕ್ಷಿ ಅಲ್ಲ ತಂಗಿ. ಗೂಡಿನಾಗ ತೆಗೆದದ್ದು, ಯಂತ್ರ ತಾನೇ ಓದಿದ್ದು, ಅಷ್ಟೇ ಸಾಕ್ಷಿ. ಅದು ನಿನ್ನ ಹತ್ರ ಇಲ್ಲ."

ಆ ಮಾತನ್ನು ಗೌತಮಿ ಗಂಟು ಹಾಕಿಕೊಂಡು ಊರಿನ ಬಸ್ಸು ಹತ್ತಿದಳು.

ಚಿಕ್ಕವ್ವನ ಮನೆಯಲ್ಲಿ ಉಸಿರಿನ ಯಂತ್ರ ಗುರುಗುಡುತ್ತಿತ್ತು. ಅದು ಸಿದ್ರಾಮ ಕಾಕಾನದು, ತುಳಜವ್ವನ ಗಂಡನದು. ಅವನಿಗೆ ಎದೆಗನ್ನಡಿ ಮೊದಲ ಸಲಕ್ಕೇ ಧೂಳಿದೆ ಎಂದು ಕಾರ್ಡು ಕೊಟ್ಟಿತ್ತು. ಕಾರ್ಡು ಜೀವಂತ ಇದ್ದರಷ್ಟೇ ಯಂತ್ರ ಉಸಿರು ಕೊಡುತ್ತದೆ. ರದ್ದಾದರೆ ದೂರದಿಂದಲೇ ಬಂದ್ ಆಗುವಂತೆ ಮಾಡಿದ್ದರು. ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಸಿದ್ರಾಮ ಹೊರಸಿನ ಮೇಲೆ ಕೂತಿದ್ದ. ತುಳಜವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನಡುನಡುವೆ ಏದುಸಿರು ಬಿಡುತ್ತಿದ್ದಳು. ಹೊಗೆಯಲ್ಲಿ ಕೂತವಳಿಗೆ ಉಸಿರಿಲ್ಲ, ಹೊರಸಿನ ಮೇಲೆ ಕೂತವನಿಗೆ ಇದೆ. ರಾತ್ರಿ ತನ್ನ ನಳಿಗೆಯನ್ನು ಆಗಾಗ ಅವಳ ಮೂಗಿಗೆ ಕೊಡುತ್ತಾನೆಂದು ಅವನು ಹೇಳಿದ. ಹಾಗೆ ಕೊಡುವುದು ನಿಯಮಕ್ಕೆ ವಿರುದ್ಧ ಎಂದೂ ಹೇಳಿ ನಕ್ಕ.

ಗೌತಮಿ ಎಲ್ಲವನ್ನೂ ಹೇಳಿದಳು. ತುಳಜವ್ವ ಕೈಯಲ್ಲಿನ ಹಿಟ್ಟು ಒರೆಸಿಕೊಳ್ಳದೆ ಕೇಳಿದಳು. ಕೇಳಿ ಮುಗಿದ ಮೇಲೆ ಅವಳಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು.

"ಅಂದ್ರ ಈ ಮುದುಕ ಸತ್ತ ಮ್ಯಾಲ ನನ್ನ ಎದಿಯಾಗ ಧೂಳು ಬರ್ತದ?"

"ಹಂಗಂತ ಯಂತ್ರ ತಿಳಕೊಂಡದ, ಚಿಕ್ಕವ್ವ."

"ಕೇಳಿದೇನು?" ತುಳಜವ್ವ ಗಂಡನ ಕಡೆ ತಿರುಗಿದಳು. "ನೀ ಬದುಕೀದಿ ಅಂತ ನನಗ ರೋಗ ಇಲ್ಲಂತ."

"ಏನ್ ಮಾಡಂತಿ, ಸಾಯ್ಲೇನು?" ಎಂದ ಸಿದ್ರಾಮ.

"ರೊಟ್ಟಿ ಆಗ್ಯಾವ. ಉಂಡು ಸಾಯಿ."

ಒಂದು ಸಣ್ಣ ದಾರಿ ಇದೆ ಎಂದು ಗೌತಮಿ ಹೇಳಿದಳು. ಮುಂದಿನ ಸಲ ತಾಳಿ ತೆಗೆದಿಟ್ಟು ನಿಂತರೆ ಯಂತ್ರ ಎದೆಯನ್ನೇ ನೋಡಬೇಕಾಗುತ್ತದೆ, ಕಾರ್ಡು ಸಿಕ್ಕುತ್ತದೆ, ಯಾರಿಗೂ ತಿಳಿಯುವುದಿಲ್ಲ. ತುಳಜವ್ವ ಒಲೆಯ ಕೆಂಡ ಮುಂದಕ್ಕೆ ಎಳೆದಳು. ಆಮೇಲೆ ಅವಳು ಕೇಳಿದ್ದು ತನ್ನ ಕಾರ್ಡಿನ ಬಗ್ಗೆ ಅಲ್ಲ. ಮಾನಮ್ಮಗ ಇದು ಯಾರೂ ಹೇಳಲಿಲ್ಲಲ್ಲ, ಎಂದಳು. ಉಳಿದವರಿಗೆ ಯಾರು ಹೇಳುತ್ತಾರೆ?

ಹೇಳುವ ಜಾಗ ಒಂದಿತ್ತು. ಸಂಘದ ತಗಡಿನ ಚಪ್ಪರದಲ್ಲಿ ಭಾನುವಾರ ಮಧ್ಯಾಹ್ನ ಓದುಕೂಟ ಸೇರುತ್ತಿತ್ತು. ಓದಲು ಬರುವವರು ಗಟ್ಟಿಯಾಗಿ ಓದುತ್ತಾರೆ, ಬಾರದವರು ಪ್ರಶ್ನೆ ಕೇಳುತ್ತಾರೆ. ಕಾನೂನಿನ ಯಾವ ಸಾಲು ಬಂದರೂ ಅಲ್ಲಿ ಎರಡು ಸಲ ಓದುವ ರೂಢಿ: ಒಮ್ಮೆ ಕೂಲಿಯವರ ಕಣ್ಣಿನಿಂದ, ಒಮ್ಮೆ ಮಾಲೀಕನ ಕಣ್ಣಿನಿಂದ. ಗೌತಮಿ ಅಕ್ಷರದ ಹಿಂದೆ ಕೈಯಿರುತ್ತದೆ ಎಂಬುದನ್ನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಚಪ್ಪರದ ಕೆಳಗೆ, ತುಳಜವ್ವನ ತೊಡೆಯ ಮೇಲೆ ಕೂತು.

ಅಂದು ಚಪ್ಪರ ತುಂಬಿತ್ತು. ಸುದ್ದಿ ಕೇಳಿ ಕೆಲವರು ಅತ್ತರು, ಕೆಲವರು ಬೈದರು. ತಾಳಿ ತೆಗೆದು ನಿಲ್ಲೋಣ ಎಂದು ಒಂದಿಷ್ಟು ಹೆಂಗಸರು ಅಂದರೆ, ಅಪಶಕುನದ ಮಾತು ಬೇಡ ಎಂದು ಮತ್ತೊಂದಿಷ್ಟು ಜನ ಕಿವಿ ಮುಚ್ಚಿಕೊಂಡರು. ಆಗ ಎದ್ದು ನಿಂತವಳು ಗುರುಬಾಯಿ. ಚೀಲ ಹೊಲಿಯುವವಳು, ಸಂಘದಲ್ಲಿ ಯಾರಿಗೂ ಹೆದರದ ನಾಲಿಗೆ. ಶಕುನದ ಮಾತು ತನಗೆ ಬೇಕಿಲ್ಲ, ಎಂದಳು. ತಾಳಿ ಹೋದರೂ ಅಷ್ಟೇ, ಇದ್ದರೂ ಅಷ್ಟೇ. ಆದರೆ ಒಂದು ಮಾತಿದೆ.

"ತಪ್ಪು ಓದಿದ್ದು ಅದು. ತಿದ್ದಿಕೊಳ್ಳೋದು ನಾವೇನು? ಗಂಡ ಸತ್ತವಳ ವೇಷ ಹಾಕ್ಕೊಂಡು ನಿಂತ್ರ ನನ್ನ ಕೆಮ್ಮು ಖರೇ ಆಗ್ತದ ಅಂದ್ರ, ಅಂಥ ಕಾರ್ಡು ನನಗ ಬ್ಯಾಡ."

 ಗೌತಮಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಾನು ಹೇಳಿದ ಸಣ್ಣ ದಾರಿ ಎಷ್ಟು ಸಣ್ಣದೆಂದು ಆಗ ಕಂಡಿತು. ಅವಳು ನಾಡಗೌಡರು ಅಂದದ್ದನ್ನು ಹೇಳಿದಳು: ತಿದ್ದಿದ ಚಿತ್ರ ಸಾಕ್ಷಿಯಲ್ಲ, ಗೂಡಿನಲ್ಲಿ ಯಂತ್ರ ತಾನೇ ಓದಿದ್ದಷ್ಟೇ ಸಾಕ್ಷಿ.

ಹಿಂದಿನ ಸಾಲಿನಲ್ಲಿ ಗಂಡಸರ ನಡುವೆ ಕೂತಿದ್ದ ಸಿದ್ರಾಮ ಕೈ ಎತ್ತಿದ. ಉಸಿರಿನ ಯಂತ್ರ ಬಿಟ್ಟು ಬಂದಿದ್ದರಿಂದ ಅವನ ಮಾತು ತುಂಡು ತುಂಡಾಗಿ ಬಂತು. ಆ ಸಾಲು ಇನ್ನೊಮ್ಮೆ ಓದಲು ಹೇಳಿದ. ಓದಿದರು: ಎದೆಗನ್ನಡಿಯ ಮಾತೇ ಕೊನೆಯ ಮಾತು.

"ಕೂಲಿಯವನ ಕಣ್ಣಲೆ ಓದೀವಿ. ಮಾಲೀಕನ ಕಣ್ಣಲೆ ಓದೀವಿ," ಎಂದ. "ಒಮ್ಮಿ ಯಂತ್ರದ ಕಣ್ಣಲೆ ಓದ್ರಿ. ಅದಕ್ಕ ಕಾಣೋದು ಮಣಿ. ಮಣಿ ಇರೋ ಕೊರಳು ಯಾರದು ಅಂತ ಅದಕ್ಕ ಗೊತ್ತಿಲ್ಲ. ತಾಳಿ ನಮಗ ಕೊಡ್ರಿ."

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮೊದಲು ನಕ್ಕವಳು ಗುರುಬಾಯಿ. ಗಂಡಸರ ಕಾರ್ಡು ನವೀಕರಿಸುವ ದಿನ ಹತ್ತಿರವಿತ್ತು. ವರ್ಷಕ್ಕೊಮ್ಮೆ ಅವರೂ ಗೂಡಿನಲ್ಲಿ ನಿಲ್ಲಬೇಕು. ಕಾರ್ಡುದಾರ ಗಂಡಸರು ಹೆಂಡತಿಯ ತಾಳಿ ಕಚ್ಚಿ ನಿಂತರೆ ಯಂತ್ರ ತನ್ನ ಮಾತನ್ನು ತಾನೇ ನುಂಗುತ್ತದೆ. ಕಳೆದ ವರ್ಷ ಇದ್ದ ಧೂಳು ಈ ವರ್ಷ ಎಲ್ಲಿ ಹೋಯಿತು? ಆ ಧೂಳು ಹೋಗುವಂಥದ್ದಲ್ಲ ಎಂದು ಸರಕಾರದ ಪುಸ್ತಕದಲ್ಲೇ ಬರೆದಿದೆ. ಒಂದೋ ಪುಸ್ತಕ ಸುಳ್ಳು, ಇಲ್ಲ ಯಂತ್ರ ಸುಳ್ಳು.

ಗೌತಮಿ ಎದ್ದು ಬೇಡ ಎಂದಳು. ಧೂಳಿಲ್ಲ ಎಂದದ್ದೇ ಕಾರ್ಡು ರದ್ದಾಗುತ್ತದೆ, ಕಾರ್ಡು ರದ್ದಾದರೆ ಉಸಿರಿನ ಯಂತ್ರ ನಿಲ್ಲುತ್ತದೆ. ತಾನು ಪರೀಕ್ಷೆ ಮಾಡಿದ್ದು ತೆರೆಯ ಮೇಲೆ, ಜೀವಂತ ಮೈಯ ಮೇಲಲ್ಲ. ಕಾಕಾನ ಎದೆಯಲ್ಲಿ ಉಳಿದ ಉಸಿರು ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸಿದ್ರಾಮ ಅವಳನ್ನು ನೋಡಲಿಲ್ಲ. ತುಳಜವ್ವನನ್ನು ನೋಡಿದ. "ರಾತ್ರಿ ಕದ್ದು ಕೊಡೋದು ಸಾಕಾಗ್ಯದ," ಎಂದ.

ನವೀಕರಣದ ದಿನ ಬೆಳಗ್ಗೆ ಗೂಡಿನ ಮುಂದೆ ಸಾಲು ಹತ್ತಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ತುಳಜವ್ವ ಎಲ್ಲರೆದುರು ತಾಳಿಸರವನ್ನು ಕೊರಳಿಂದ ತೆಗೆದಳು. ಎಷ್ಟೋ ವರ್ಷ ಗಾಳಿ ಕಾಣದ ಕುತ್ತಿಗೆಯ ಸುತ್ತ ಬೆಳ್ಳನೆಯ ಗೆರೆ ಬಿದ್ದಿತ್ತು. ಗಂಡನ ಕೊರಳಿಗೆ ಹಾಕುವಾಗ ಅವನ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸುತ್ತ, ಮದುವೆ ದಿನ ನಿನ್ನ ಕೈ ನಡುಗಿತ್ತು, ನನ್ನದು ನಡುಗೂದಿಲ್ಲ ನೋಡು, ಎಂದಳು. ಸಾಲಿನಲ್ಲಿ ನಗು ಹಬ್ಬಿತು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಗಂಡಂದಿರ ಕೊರಳಿಗೆ ತಾಳಿ ಹಾಕಿದರು. ಗುರುಬಾಯಿ ತನ್ನದನ್ನು ತೆಗೆಯಲಿಲ್ಲ. ತಾನು ತಾಳಿ ಸಮೇತ ಕೊನೆಗೆ ನಿಲ್ಲುವುದಾಗಿ, ಅದು ಸರಿ ಓದುವ ತನಕ ದಿನಾ ಬಂದು ನಿಲ್ಲುವುದಾಗಿ ಹೇಳಿದಳು.

ಇರ್ಫಾನ್ ಸಿದ್ರಾಮನ ಕೊರಳು ನೋಡಿ ಗಲಿಬಿಲಿಯಾದ. ತೆಗೆಯಿರಿ ಎನ್ನಲೋ ಬೇಡವೋ? ನಿಯಮದಲ್ಲಿ ತಾಳಿ ಕಚ್ಚಬಹುದು ಎಂದಿತ್ತು. ಯಾರು ಕಚ್ಚಬಹುದು ಎಂದು ಇರಲಿಲ್ಲ. ಗೌತಮಿಯ ಮುಖ ನೋಡಿದ.  ಇರ್ಫಾನ್‌ನ ತಾಯಿಯೂ ಜರಡಿ ಹಿಡಿದವಳೇ. ಅವನು ಹಲಗೆ ಒರೆಸಿದ.

"ಕಚ್ಚಿಕೊಳ್ರಿ ಕಾಕಾ."

ತೆರೆ ಬೆಳಗಿತು. ನಯವಾದ ದನಿ ಬಂತು. "ಸಿದ್ರಾಮ ಅವರೇ, ನಿಮ್ಮ ಎದೆಯಲ್ಲಿ ಧೂಳಿನ ಗುರುತಿಲ್ಲ. ನಿಮ್ಮ ಕಾರ್ಡನ್ನು ರದ್ದುಪಡಿಸಲಾಗಿದೆ. ಶುಭದಿನ."

 ಎರಡನೆಯವನು ನಿಂತ. ಧೂಳಿಲ್ಲ. ಮೂರನೆಯವನು. ಧೂಳಿಲ್ಲ. ಗೋಡೆ ಹಿಡಿದು ಬಂದವನಿಗೂ, ಮಗನ ಬೆನ್ನ ಮೇಲೆ ಬಂದವನಿಗೂ ಯಂತ್ರ ಶುಭದಿನ ಹಾರೈಸಿತು. ಗಂಡಸರ ಸಾಲು ಮುಗಿದ ಮೇಲೆ ತುಳಜವ್ವ ಬರಿಗೊರಳಲ್ಲಿ ಹಲಗೆಗೆ ಎದೆ ಒತ್ತಿದಳು.

"ತುಳಜವ್ವ ಅವರೇ, ನಿಮ್ಮ ಎದೆಯಲ್ಲಿ ಧೂಳಿದೆ."

ಅಷ್ಟು ಹೊತ್ತಿಗೆ ಮನೆಮನೆಗಳಲ್ಲಿ ಉಸಿರಿನ ಯಂತ್ರಗಳು ನಿಂತಿದ್ದವು. ಊರಿನ ಓಣಿಗಳಲ್ಲಿ ಹಗಲೂ ರಾತ್ರಿ ಕೇಳುತ್ತಿದ್ದ ಗುರುಗುಡು ಒಮ್ಮೆಲೇ ಇಲ್ಲವಾಗಿ ನಾಯಿಗಳು ಕಿವಿ ನಿಗುರಿಸಿ ಎದ್ದು ನಿಂತವು.

ಸತ್ತ ಯಂತ್ರಗಳನ್ನು ಟೆಂಪೋಗಳಿಗೆ ಹೇರಿ, ಪಕ್ಕದಲ್ಲಿ ತಾವೂ ಕೂತು ಹಿರೇಬಂಡಿಯ ಜನ ಪಟ್ಟಣಕ್ಕೆ ಹೊರಟರು. ಮಧ್ಯಾಹ್ನದ ಬಿಸಿಲಲ್ಲಿ ಚಿತ್ರವಾಚನ ಕೇಂದ್ರದ ಗೇಟಿನ ಮುಂದೆ ತಾಳಿ ಹಾಕಿಕೊಂಡ ಗಂಡಸರು ನೆಲಕ್ಕೆ ಕೂತರು. ಕಾವಲಿನವನು ಗೇಟು ಮುಚ್ಚಿದ. ಗೌತಮಿ ಒಳಗೆ ಹೋಗುವ ತನ್ನ ಬಿಲ್ಲೆಯನ್ನು ಕೊರಳಿಂದ ತೆಗೆದು ಗೇಟಿನ ಸರಳಿಗೆ ನೇತುಹಾಕಿ, ಬಂದು ಕಾಕಾನ ಪಕ್ಕ ಕೂತಳು. ಅವನ ತುಟಿ ನೀಲಿಯಾಗುತ್ತಿತ್ತು. ತುಳಜವ್ವ ಸೆರಗಿನಿಂದ ಗಾಳಿ ಬೀಸುತ್ತಿದ್ದಳು.

ನಾಡಗೌಡರು ಕಿಟಕಿಯಿಂದ ನೋಡಿದರು. ಫೋನು ಬಂತು, ಮೇಲಿನಿಂದ, ಅದಕ್ಕೂ ಮೇಲಿನಿಂದ. ತೆರೆಯ ಮೇಲೆ ಎದೆಗನ್ನಡಿ ಕಳಿಸಿದ ತೀರ್ಪುಗಳ ಸಾಲು. ಯಾರೂ ತಿದ್ದಿರಲಿಲ್ಲ. ಯಂತ್ರ ತಾನೇ ಓದಿತ್ತು, ತಾನೇ ಹೇಳಿತ್ತು, ಮತ್ತು ಅದರ ಮಾತೇ ಕೊನೆಯ ಮಾತಾಗಿತ್ತು. ಅವರು ಕೆಳಗಿಳಿದು ಬಂದರು. ಗೇಟು ತೆಗೆಸಿದರು. ಗೌತಮಿಯನ್ನು ದಾಟಿ ಸಿದ್ರಾಮನ ಮುಂದೆ ಬಂದು ನಿಂತರು.

"ಸಾಹೇಬ್ರ," ಎಂದ ಸಿದ್ರಾಮ. ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ನನ್ನ ಧೂಳು. ಎಲ್ಲಿ ಹೋತ್ರಿ?"

ನಾಡಗೌಡರು ಬಿಳಿ ಹಾಳೆ ತರಿಸಿದರು. ಗೂಡುಗಳನ್ನು ನಿಲ್ಲಿಸಿದೆ, ರದ್ದಾದ ಕಾರ್ಡುಗಳು ಉಳಿಯತಕ್ಕದ್ದು, ಉಸಿರಿನ ಯಂತ್ರಗಳನ್ನು ಈಗಲೇ ನಡೆಸತಕ್ಕದ್ದು, 'ಇದು ನನ್ನ ಮಾತು' ಎಂದು ಕೈಯಾರೆ ಬರೆದು ಸಹಿ ಹಾಕಿದರು. ಹಾಗೆ ಬರೆಯುವ ಅಧಿಕಾರ ಅವರಿಗೆ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಕೂತವರಿಗೂ ಗೊತ್ತಿತ್ತು. ಕೋರ್ಟು, ಮಾಲೀಕರು, ಮಂತ್ರಿ, ಎಲ್ಲ ನಾಳೆ ಬರುತ್ತಾರೆ. ಬರಲಿ. ಗೇಟಿನೊಳಗಿನಿಂದ ತಂತಿ ಎಳೆದು ಯಂತ್ರಕ್ಕೆ ಕರೆಂಟು ಕೊಟ್ಟರು. ಒಳಗಿನವರು ಆ ಹಾಳೆ ನೋಡಿ ರದ್ದಾದ ಕಾರ್ಡುಗಳನ್ನು ಮತ್ತೆ ಜೀವಂತ ಮಾಡಿದಂತೆ ಒಂದೊಂದಾಗಿ ಗುರುಗುಡು ಶುರುವಾಯಿತು. ಮೊದಲ ನಳಿಗೆ ಸಿದ್ರಾಮನ ಮೂಗಿಗೆ ಹೋಯಿತು. ಎರಡು ಉಸಿರು ಎಳೆದುಕೊಂಡು, ಎಲ್ಲರ ಎದುರು, ಅವನು ಅದನ್ನು ತುಳಜವ್ವನ ಮೂಗಿಗೆ ಇಟ್ಟ.

ನಾಡಗೌಡರ ಕೈಯಲ್ಲಿ ಎದೆ ಕೇಳುವ ಹಳೆಯ ಕೊಳವೆ ಇತ್ತು. ಯಾವ ಡ್ರಾಯರಿನ ಮೂಲೆಯಿಂದ ತಂದಿದ್ದರೋ, ಅದರ ರಬ್ಬರು ಬಿರಿದಿತ್ತು. ತುಳಜವ್ವನ ಮುಂದೆ ಮೊಣಕಾಲೂರಿ ಕೂತು ಅದರ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದರು. ಅವಳ ಕೈ, ರೂಢಿಯ ಕೈ, ತಾನಾಗಿ ಕೊರಳಿಗೆ ಹೋಗಿ ಏನನ್ನೋ ಎತ್ತಿ ಬಾಯಿಗೆ ತಂದಿತು. ಕೈಯಲ್ಲಿ ಏನೂ ಇರಲಿಲ್ಲ. ಗೌತಮಿ ಕಾಕಾನ ಕೊರಳಿನ ತಾಳಿಗೆ ಕೈ ಹಾಕಿ, ಕೊಡಲೇ ಎಂಬಂತೆ ಚಿಕ್ಕವ್ವನ ಮುಖ ನೋಡಿದಳು.

"ಇರಲಿ ಬಿಡು ಅವನ ಹತ್ರನೇ," ಎಂದಳು ತುಳಜವ್ವ. ಮೂಗಿನ ನಳಿಗೆಯನ್ನು ತೆಗೆದು ಗಂಡನಿಗೆ ಕೊಟ್ಟು, ನಾಡಗೌಡರ ಕಡೆ ತಿರುಗಿ ನೆಟ್ಟಗೆ ಕೂತಳು. "ಡಾಕ್ಟರ, ಇಷ್ಟು ವರ್ಷ ನಿಮ್ಮ ಯಂತ್ರದ ಮುಂದ ಬಾಯಿ ಕಚ್ಚಿಕೊಂಡು ನಿಂತೀನಿ. ಇವತ್ತು ಬಾಯಿ ಖಾಲಿ ಅದ. ಕೊಳವಿ ಆಮ್ಯಾಲ ಹಚ್ಚ್ರಿ. ಮೊದಲು ಕಿವಿಲೆ ಕೇಳ್ರಿ."

ಮತ್ತು ಅವಳು ಮಾನಮ್ಮನ ಹೆಸರಿನಿಂದ ಶುರುಮಾಡಿದಳು.